ಜೂನ್ ಮಳೆ, ಕಾಲೇಜು ಫೀಸು, ಚರ್ಚಿನ ಚೀಲ

ಮಲೆನಾಡಿನ ಕೂಲಿ ಮನೆಗಳಲ್ಲಿ ನಾಲ್ಕು ಕಾಸು ಓಡಾಡುವುದು ಅಡಿಕೆ ಕೊಯ್ಲಿನ ಕಾಲಕ್ಕೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಂಗಳಗಳಲ್ಲಿ ಆಗ ಸರಿರಾತ್ರಿಯವರೆಗೂ ದೀಪ ಉರಿಯುತ್ತಿರುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಮಾತಾಡುತ್ತಲೇ ಹಸಿ ಅಡಿಕೆ ಸುಲಿಯುತ್ತಾರೆ. ಎಷ್ಟು ಸುಲಿದರೋ ಅಷ್ಟಕ್ಕೆ ಕಾಸು. ಚೊಗರು ಹಿಡಿದ ಬೆರಳು ತಿಂಗಳಾದರೂ ಬಿಳಿಯಾಗುವುದಿಲ್ಲ. ಕಾಲೇಜಿನವರು ಫೀಸು ಕೇಳುವುದು ಮಾತ್ರ ಜೂನ್–ಜುಲೈನಲ್ಲಿ. ಆಗುಂಬೆಯಲ್ಲೂ ಹುಲಿಕಲ್ಲಿನಲ್ಲೂ ಜಡಿಮಳೆ ಕೂತು, ನಾಟಿ ಬಿಟ್ಟರೆ ಬೇರೆ ಕೆಲಸವೇ ಇಲ್ಲದ ಹೊತ್ತು ಅದು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಗಳನ್ನು ಮುಂದೆ ಓದಿಸಬೇಕೆಂದರೆ ಡಿಸೆಂಬರಿನ ದುಡ್ಡು ಜುಲೈವರೆಗೆ ಉಳಿದಿರಬೇಕು. ಉಳಿಯುವುದಿಲ್ಲ.

ಹೀಗೆ ದುಡ್ಡು ಉಳಿಯದ ಮನೆಗಳಲ್ಲಿ ಕ್ರೈಸ್ತರವೂ ಇವೆ. ಇಲ್ಲಿನ ಕ್ರೈಸ್ತರು ಒಂದೇ ಮೂಲದವರಲ್ಲ. ಘಟ್ಟದ ಕೆಳಗಿಂದ ಹತ್ತಿ ಬಂದ ಕೊಂಕಣಿ ಮನೆಗಳಿವೆ. ಲಿಂಗನಮಕ್ಕಿ ಕಟ್ಟುವಾಗ, ಆಮೇಲೆ ವಾರಾಹಿ, ಚಕ್ರಾ ಯೋಜನೆಗಳಲ್ಲಿ ಕಲ್ಲು ಮಣ್ಣು ಹೊರಲು ಬಂದು ಇಲ್ಲೇ ನಿಂತ ತಮಿಳು ಮಾತಿನವರಿದ್ದಾರೆ. ರಬ್ಬರು, ಶುಂಠಿ ಎಂದು ನೆಲ ಹುಡುಕಿ ಬಂದ ಮಲಯಾಳಿಗಳಿದ್ದಾರೆ. ಶಿವಮೊಗ್ಗ ಕಥೊಲಿಕ ಧರ್ಮಪ್ರಾಂತ್ಯ 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾಯಿತು. ಮಲಯಾಳಿಗಳಲ್ಲಿ ಸೀರೋ ಮಲಬಾರ್ ಪಂಥದವರಿಗೆ 2007ರಲ್ಲಿ ಭದ್ರಾವತಿಯಲ್ಲೇ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಪಾದ್ರಿಗೂ ವಿದ್ಯೆಗೂ ಈ ಸೀಮೆಯಲ್ಲಿರುವ ನಂಟು ಇದಕ್ಕಿಂತ ಹಳೆಯದು. ಅದು ಪ್ರಾಟೆಸ್ಟೆಂಟ್ ಮಿಷನ್‌ಗಳ ಕಥೆ; ತೀರ್ಥಹಳ್ಳಿ ಸೀಮೆಯ ಕುವೆಂಪು ಮೈಸೂರಿನಲ್ಲಿ ಓದಿದ್ದು ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ, ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಪಾದ್ರಿ ಜೀವರತ್ನಯ್ಯನನ್ನು ಓದುಗರು ಇನ್ನೂ ಮರೆತಿಲ್ಲ.

ಕಥೊಲಿಕ ಚರ್ಚುಗಳಲ್ಲಿ ಬಡವರ ಕೆಲಸ ನೋಡಿಕೊಳ್ಳುವುದು ಸಂತ ವಿನ್ಸೆಂಟ್ ದೆ ಪಾಲ್ ಸಭೆ. ಜನ ಎಸ್‌ವಿಪಿ ಎಂದೇ ಕರೆಯುತ್ತಾರೆ. ಇದನ್ನು ಹುಟ್ಟುಹಾಕಿದವನು ಬಿಷಪ್ಪನೂ ಅಲ್ಲ, ಸಾಹುಕಾರನೂ ಅಲ್ಲ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಕಾನೂನು ಓದುತ್ತಿದ್ದ ಇಪ್ಪತ್ತರ ಹುಡುಗ ಫ್ರೆಡರಿಕ್ ಓಜನಾಮ್ ಗೆಳೆಯರನ್ನು ಕೂಡಿಸಿಕೊಂಡು ಬಡವರ ಮನೆಗೆ ಸೌದೆ ಹೊತ್ತು ನಡೆದ. ಈಗಲೂ ಪದ್ಧತಿ ಅದೇ: ಆಗಾಗ ಸಭೆ ಸೇರುವುದು, ಜೋಡಿಯಾಗಿ ಮನೆ ಭೇಟಿಗೆ ಹೋಗುವುದು, ಜಾತಿ ಮತ ಕೇಳದೆ ಕೊಡುವುದು. ಸಭೆಯ ನಡುವೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಮುಷ್ಟಿ ಬಿಗಿದು ಒಳಗೆ ಕೈ ಹಾಕಿ ತೆಗೆಯುತ್ತಾರೆ. ಐನೂರು ಹಾಕಿದವರಾರು, ಬರಿಗೈ ಆಡಿಸಿದವರಾರು, ಪಕ್ಕದಲ್ಲಿ ಕೂತವರಿಗೂ ತಿಳಿಯಕೂಡದು. ಇಲ್ಲದವರೂ ಮುಜುಗರವಿಲ್ಲದೆ ಸದಸ್ಯರಾಗಿರಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಆದರೆ ಆ ಚೀಲದ ಅಳತೆ ಅಕ್ಕಿ, ಔಷಧಿ, ಶಾಲೆಯ ಪುಸ್ತಕಕ್ಕೆ ಸರಿ. ನರ್ಸಿಂಗ್, ಎಂಜಿನಿಯರಿಂಗ್ ಅದರೊಳಗೆ ಹಿಡಿಸುವುದಿಲ್ಲ. ಊರ ಹತ್ತಿರವೇ ಸಾಮಾನ್ಯ ಪದವಿ ಓದುವವರ ಕಷ್ಟ ಅಷ್ಟಿಲ್ಲ. ಸಾಗರದಲ್ಲಿ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯಲ್ಲಿ ತುಂಗಾ ಮಹಾವಿದ್ಯಾಲಯ, ಹೊಸನಗರದಲ್ಲಿ ಕೊಡಚಾದ್ರಿ ಸರ್ಕಾರಿ ಕಾಲೇಜು ಇವೆ. ಸರ್ಕಾರಿ ಕಾಲೇಜಿನಲ್ಲಿ ಹುಡುಗಿಯರಿಗೆ ಬೋಧನಾ ಶುಲ್ಕವೂ ಇಲ್ಲ. ಬಸ್ಸಿನ ಕಥೆ ಬೇರೆ. ಹೆಂಗಸರಿಗೆ ಟಿಕೆಟ್ಟಿಲ್ಲದ 2023ರ ಶಕ್ತಿ ಯೋಜನೆ ಓಡುವುದು ಸರ್ಕಾರಿ ಬಸ್ಸಿನಲ್ಲಿ, ಈ ಕಾಡುರಸ್ತೆಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು.

ಮಂಗಳೂರು, ಬೆಂಗಳೂರು ಎಂದು ಘಟ್ಟ ಇಳಿಯುವ, ರೈಲು ಹತ್ತುವ ಮಕ್ಕಳ ಲೆಕ್ಕ ಲಕ್ಷದಲ್ಲಿ. ಬ್ಯಾಂಕಿನ ಶಿಕ್ಷಣ ಸಾಲ 4 ಲಕ್ಷದವರೆಗೆ ಜಾಮೀನಿಲ್ಲದೆ ಸಿಗುತ್ತದೆ. ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡವಿಡಬೇಕು, ಡ್ಯಾಮಿನ ಕೂಲಿಗೆ ಬಂದು ಉಳಿದವರ ಮನೆಯಡಿಯ ನೆಲಕ್ಕೆ ಎಷ್ಟೋ ಕಡೆ ಹಕ್ಕುಪತ್ರವೇ ಇಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವಿದೆ. ಹಾಸ್ಟೆಲ್ ಸಿಗದವರಿಗೆ ಸರ್ಕಾರದ ವಿದ್ಯಾಸಿರಿಯಲ್ಲಿ ತಿಂಗಳ ಭತ್ಯೆ ಇದೆ. ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನ ಮಾತ್ರ ಇಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತ ಪರಿಶಿಷ್ಟನಲ್ಲ. ರಾಜ್ಯ ಅವನನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿಟ್ಟಿದೆ, ಉಳಿದ ಕ್ರೈಸ್ತರು 3ಬಿ. ಒಂದೇ ಕಾಲೊನಿಯ ಎರಡು ಮನೆಗಳಲ್ಲಿ, ಚರ್ಚಿಗೆ ಹೋಗುವ ಮನೆಯ ಹುಡುಗ ಮಾತ್ರ ಆ ಹಣದಿಂದ ಹೊರಗುಳಿಯುತ್ತಾನೆ.

ಹೊರದೇಶದ ನೆರವಿನ ದಾರಿಯೂ ಇತ್ತು, ಇದೆ. ಆಸ್ಟ್ರೇಲಿಯಾದ ಎಸ್‌ವಿಪಿಯವರ ಒಂದು ಯೋಜನೆಯಲ್ಲಿ 70 ಡಾಲರ್ ಕೊಟ್ಟರೆ ಏಷ್ಯಾದ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಖರ್ಚಿಗೆ ಒದಗುತ್ತದೆ. ಆದರೆ ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ಬಳಿಕ ಅಂಥ ಹಣ ದೆಹಲಿಯ ಒಂದೇ ಎಸ್‌ಬಿಐ ಶಾಖೆಗೆ ಇಳಿಯಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಊರ ಸಣ್ಣ ಸಂಸ್ಥೆಗಳಿಗೆ ದಾರಿ ಕಿರಿದಾಗಿದ್ದು ಹೀಗೆ. ಚರ್ಚಿನದೇ ದೊಡ್ಡ ಸಂಸ್ಥೆಗಳ ರೀತಿ ಇನ್ನೊಂದು ಬಗೆಯದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಥೊಲಿಕರಿಗೆ ಸೀಟುಗಳಿವೆ. ಓದು ಮುಗಿಸಿದ ಮೇಲೆ ಎರಡು ವರ್ಷ ಗ್ರಾಮೀಣ ಸೇವೆ ಮಾಡುವುದಾಗಿ ಬಾಂಡ್ ಬರೆದುಕೊಡಬೇಕು. ಓದಿನ ಋಣವನ್ನು ದುಡಿಮೆಯಲ್ಲಿ ತೀರಿಸುವ ಈ ಕ್ರಮ ನನಗೆ ಹಿಡಿಸುತ್ತದೆ.

ಎಸ್‌ವಿಪಿಯ ಮಾತಿಗೆ ಮರಳಿದರೆ, ಪೂರಾ ಫೀಸು ಕಟ್ಟಲು ಹೋಗಿ ಚೀಲ ಒಬ್ಬನಿಗೇ ಬರಿದು ಮಾಡುವುದು ಜಾಣತನವಲ್ಲ. ಸೀಟು ಕೈತಪ್ಪುವುದು ಎಷ್ಟೋ ಸಲ ಲಕ್ಷಕ್ಕಲ್ಲ, ಹತ್ತು–ಹದಿನೈದು ಸಾವಿರಕ್ಕೆ: ಪ್ರವೇಶದ ಮೊದಲ ಕಂತು, ಹಾಸ್ಟೆಲ್ ಮುಂಗಡ, ಹಾಸಿಗೆ, ಬಸ್ ಚಾರ್ಜು. ವಿದ್ಯಾರ್ಥಿವೇತನ ಬರುವುದು ವರ್ಷದ ಕೊನೆಗೆ. ಆ ನಡುವಿನ ಸಂದಿಗೆ ಬಡ್ಡಿಯಿಲ್ಲದ ಕೈಗಡ ಕೊಟ್ಟು, ಅಡಿಕೆ ಸುಲಿಯುವ ತಿಂಗಳಲ್ಲಿ ಸ್ವಲ್ಪಸ್ವಲ್ಪವೇ ವಾಪಸು ಪಡೆದರೆ, ಅದೇ ಹಣ ಮುಂದಿನ ಜೂನ್‌ನಲ್ಲಿ ಇನ್ನೊಬ್ಬಳಿಗೆ ಆಗುತ್ತದೆ. ವಾಪಸು ಕೇಳುವುದು ದಾನಕ್ಕೆ ಒಪ್ಪುವ ಮಾತೇ ಎಂದು ಹಿರಿಯ ಸದಸ್ಯರು ಗೊಣಗಬಹುದು. ಗೊಣಗಲಿ.

ಮನೆ ಭೇಟಿಗೆ ಹೋದವರು ಕಾಸಿಲ್ಲದೆಯೂ ಮಾಡಬಹುದಾದ ಕೆಲಸವಿದೆ. ನಾಡಕಚೇರಿಯಲ್ಲಿ ಜಾತಿ–ಆದಾಯ ಪ್ರಮಾಣಪತ್ರ ಮಾಡಿಸಿಕೊಡುವುದು, ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ತುಂಬುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡುವುದು. ಮಂಜೂರಾದ ಹಣ ಈ ಕೊನೆಯದೊಂದು ತಪ್ಪಿಗೆ ಖಾತೆಗೆ ಬೀಳದೆ ನಿಲ್ಲುತ್ತದೆ. ಮಳೆಗೆ ಕರೆಂಟು ಹೋಗಿ, ಇಂಟರ್ನೆಟ್ ನಿಂತು, ಅರ್ಜಿಯ ಕೊನೆಯ ದಿನ ನಿಟ್ಟೂರಿನಲ್ಲೋ ಮಾಸ್ತಿಕಟ್ಟೆಯಲ್ಲೋ ಕೂತ ಹುಡುಗಿಗೆ ಪೇಟೆಯಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ಸದಸ್ಯನಿದ್ದರೆ ಸಾಕು. ಫೋನಿನಲ್ಲಿ ಆಧಾರ್, ಪ್ರಮಾಣಪತ್ರಗಳ ನಂಬರು ಹೇಳಿದರೆ ಅರ್ಜಿ ಹೋಗುತ್ತದೆ.