ಬೆಳಕಿನ ಸರಂಜಾಮಿಗೆ ಎಂಥ ಚೀಲ?

ಶ್ರೀನಗರದಲ್ಲಿ ಮೆಜೆಸ್ಟಿಕ್ ಬಸ್ ಹತ್ತುವ ಫೋಟೋಗ್ರಫಿ ವಿದ್ಯಾರ್ಥಿಯ ಕ್ಯಾಮೆರಾ ಹೇಗೋ ಹೆಗಲಲ್ಲಿ ನೇತಾಡುತ್ತದೆ. ಪೇಚಾಟವೆಲ್ಲ ಫ್ಲಾಶ್, ಸ್ಟ್ಯಾಂಡ್, ಕೊಡೆಗಳದ್ದು. ನೂಕುನುಗ್ಗಲಿನಲ್ಲಿ ಫ್ಲಾಶ್‌ನ ಗಾಜಿನ ಕೊಳವೆ ಒಡೆದರೆ, ಅಪ್ಪ ಅಮ್ಮ ಕೂಡಿಟ್ಟ ಹಣ ನೀರಿಗೆ ಬಿದ್ದಂತೆ.

ಹಾಗೆಂದು ಹೆಸರುವಾಸಿ ಕಂಪೆನಿಯ ದುಬಾರಿ ಚೀಲವೇ ಆಗಬೇಕೆಂದಿಲ್ಲ. ಅಂಗಡಿಗೆ ಹೋಗುವ ಮುನ್ನ ಮಡಿಸಿದ ಸ್ಟ್ಯಾಂಡ್ ಮತ್ತು ಕೊಡೆಯನ್ನು ಟೇಪು ಹಿಡಿದು ಅಳೆಯಿರಿ. ಹೆಚ್ಚು ಉದ್ದದ್ದೇ ಚೀಲದ ಅಳತೆ. ಕ್ರಿಕೆಟ್ ನಿಯಮದಂತೆ ಬ್ಯಾಟ್ 38 ಅಂಗುಲದವರೆಗೂ ಇರಬಹುದು. ಆದ್ದರಿಂದ ದೊಡ್ಡವರ ಕ್ರಿಕೆಟ್ ಕಿಟ್ ಬ್ಯಾಗಿನಲ್ಲಿ ಸಾಮಾನ್ಯ ಸ್ಟ್ಯಾಂಡ್ ಸಲೀಸಾಗಿ ಹಿಡಿಸುತ್ತದೆ. ಆದರೆ ಅದರಲ್ಲಿ ಮೆತ್ತೆ ಕಡಿಮೆ. ದಪ್ಪ ಫೋಮ್ ಕತ್ತರಿಸಿ ಒಳಗೆ ಅಡ್ಡಗೋಡೆ ಮಾಡಿ, ಕಬ್ಬಿಣದ ಸಾಮಾನು ಒಂದು ಕಡೆ, ಗಾಜಿನದು ಇನ್ನೊಂದು ಕಡೆ ಇಡಬೇಕು. ಬಲ್ಬು ಆರಿದ ಮೇಲೆಯೇ ತುಂಬಬೇಕು. ಬ್ಯಾಟರಿಗಳನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿಡಬೇಕು.

ಚೀಲದ ಪಟ್ಟಿ ತಳದವರೆಗೂ ಸುತ್ತಿ ಬಂದಿದೆಯೇ, ಹೊಲಿಗೆ ಜೋಡಿಯೇ, ಜಿಪ್ ದಪ್ಪನಾಗಿದೆಯೇ ನೋಡಿ. ಸಾಮಾನು ತುಂಬಿದ ಚೀಲ ಹೊತ್ತು ಮಗಳೋ ಮಗನೋ ಎರಡು ಮಹಡಿ ಹತ್ತಲಿ. ಏದುಸಿರು ಬಂದರೆ ಭಾರ ಇಳಿಸಬೇಕು.

ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಛಾಯಾಗ್ರಾಹಕ ವಿ.ಕೆ. ಮೂರ್ತಿ, 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಪ್ರಸಿದ್ಧ ಬೆಳಕಿನ ಕೋಲನ್ನು ಮೂಡಿಸಿದ್ದು ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ. ಕಿಟಕಿಯ ಬೆಳಕಿಗೆ ಒಂದು ಬಿಳಿ ಥರ್ಮೋಕೋಲ್ ಹಲಗೆ ಹಿಡಿದರೂ ಎಷ್ಟೋ ಸಲ ಎರಡನೆಯ ಫ್ಲಾಶ್ ಬೇಕಾಗುವುದಿಲ್ಲ. ಯಾವುದನ್ನು ಮನೆಯಲ್ಲೇ ಬಿಡಬಹುದೆಂದು ಮೊದಲು ತೀರ್ಮಾನಿಸಿದರೆ, ಸಣ್ಣ ಚೀಲವೇ ಸಾಕಾದೀತು.