ಮುಳುಗಿ ಎದ್ದ ಮೇಲೆ, ಘಟ್ಟ ಹತ್ತುವ ಮುಂಚೆ

ಗದಗಿನಿಂದ ಮುರುಡೇಶ್ವರ ಸುಮಾರು 250 ಕಿಲೋಮೀಟರ್. ಗದಗ-ಬೆಟಗೇರಿಯವರು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುತ್ತಾರೆ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯವರಿಗೆ ಹಾನಗಲ್ಲು, ಶಿರಸಿ ಮೇಲಿಂದ ದೇವಿಮನೆ ಘಟ್ಟದ ದಾರಿ ಹತ್ತಿರ. ಯಾವ ದಾರಿ ಹಿಡಿದರೂ ಆರು ತಾಸಿನ ಮೇಲೆ ಅರಬ್ಬೀ ಸಮುದ್ರ ಸಿಗುತ್ತದೆ. ಮೊದಲೆಲ್ಲ ಈ ಪ್ರಯಾಣ ದೇವರ ದರ್ಶನಕ್ಕೆ, ಇಲ್ಲವೇ ಶಾಲೆಯ ಮಕ್ಕಳ ಟ್ರಿಪ್ಪಿಗೆ ಇರುತ್ತಿತ್ತು. ಈಚೆಗೆ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಸ್ಕೂಬಾ ಮಾಡಲು ಹೋಗುವವರೂ ಸೇರಿಕೊಂಡಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದು, ಮನೆಯ ಅಟ್ಟದ ಮೇಲೆ ಮೇಜು ಹಾಕಿಕೊಂಡು ಕೆಲಸ ಮಾಡಿದ ಹುಡುಗ ಹುಡುಗಿಯರಲ್ಲಿ ಹಲವರಿಗೆ ಒಂದು ವಿಷಯ ಹೊಳೆದಿದೆ: ಅಟ್ಟದಿಂದ ಆಗುವ ಕೆಲಸ ಕಡಲ ದಂಡೆಯಿಂದಲೂ ಆದೀತು.

ಅಂಥವರು ಮೊದಲು ಕೇಳುವ ಪ್ರಶ್ನೆ, ಅಲ್ಲಿ ನೆಟ್ ಬರುತ್ತದೆಯೇ ಎಂಬುದು. ಆ ಪ್ರಶ್ನೆ ಬೇಕಾದದ್ದೇ. ಆದರೆ ಗದಗಿನವರು ಅದಕ್ಕಿಂತ ಮುಂಚೆ ತಿಳಿದಿರಬೇಕಾದ ಒಂದು ಅಂಕಿ ಇದೆ, 650 ಮೀಟರ್. ಸಮುದ್ರ ಮಟ್ಟದಿಂದ ಗದಗ ಇರುವ ಎತ್ತರ, ಹೆಚ್ಚುಕಡಿಮೆ, ಅಷ್ಟು. ಇದಕ್ಕೂ ಮುಳುಗುವುದಕ್ಕೂ ಏನು ಸಂಬಂಧ ಎಂಬುದನ್ನು ನೇತ್ರಾಣಿಗೆ ಹೋಗಿಯೇ ನೋಡೋಣ.

ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ಒಳಗೆ ನೇತ್ರಾಣಿ ದ್ವೀಪವಿದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ, ಸುತ್ತ ಕಡಿದಾದ ಬಂಡೆ, ಜನವಸತಿ ಇಲ್ಲ. ಪಾರಿವಾಳದ ಗುಡ್ಡ ಎಂಬುದು ಇನ್ನೊಂದು ಹೆಸರು. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ, ಬಂಡೆಯ ಮೇಲೆ ಕಾಡಾಡುಗಳೂ ಇವೆ. ನೌಕಾಪಡೆ ಇದೇ ದ್ವೀಪವನ್ನು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿಕೊಂಡು ಬಂದದ್ದು ಪರಿಸರದ ಕಾಳಜಿ ಇರುವವರಿಗೂ ಮೀನುಗಾರರಿಗೂ ಹಳೆಯ ತಕರಾರು. ನೀರಿನ ಕೆಳಗೆ ಹವಳ, ಚಿಟ್ಟೆಮೀನು, ಗಿಳಿಮೀನು, ಬಂಡೆಯ ಸಂದಿಯಿಂದ ಮೂತಿ ಹೊರಹಾಕುವ ಮೊರೆ ಹಾವುಮೀನು. ಅದೃಷ್ಟವಿದ್ದರೆ ತಿಮಿಂಗಿಲ ಶಾರ್ಕ್. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದ ಮೇಲೆ ಕರ್ನಾಟಕದ ಕಡಲಿಗೂ ಒಂದು ತಳವಿದೆ, ಅದನ್ನು ನಾವೂ ನೋಡಬಹುದು ಎಂಬುದು ಬಯಲುಸೀಮೆಯ ಎಷ್ಟೋ ಮನೆಗಳಿಗೆ ಮೊದಲ ಸಲ ಗೊತ್ತಾಯಿತು.

ಅಕ್ಟೋಬರಿನಿಂದ ಮೇ ತನಕ ಇಲ್ಲಿ ಡೈವಿಂಗ್ ನಡೆಯುತ್ತದೆ. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ನೀರು ಹೆಚ್ಚು ತಿಳಿಯಾಗಿರುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಹೊಸಬರನ್ನು ಹೆಚ್ಚೆಂದರೆ 12 ಮೀಟರ್ ಆಳದ ತನಕ ಕೈ ಹಿಡಿದೇ ಕರೆದೊಯ್ಯುತ್ತಾರೆ. ಓಪನ್ ವಾಟರ್ ತರಬೇತಿ ಮುಗಿಸಿದವರಿಗೆ 18 ಮೀಟರ್ ತನಕ ಅವಕಾಶ.

ಬೆನ್ನಿನ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ದಿನಾ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದೊಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಅಂದರೆ 10 ಮೀಟರ್ ಆಳದಲ್ಲಿ ಮೇಲಿನ ಎರಡರಷ್ಟು ಒತ್ತಡ. ಆ ಒತ್ತಡದಲ್ಲೇ ಗಾಳಿ ಎಳೆದುಕೊಂಡರೆ ಸಾರಜನಕ ರಕ್ತದಲ್ಲೂ ಕೊಬ್ಬಿನಲ್ಲೂ ಹೆಚ್ಚಾಗಿ ಕರಗುತ್ತದೆ. ಮೇಲೆ ಬರುವಾಗ ಅದು ನಿಧಾನವಾಗಿ ಶ್ವಾಸಕೋಶದ ಮೂಲಕ ಹೊರಹೋಗಬೇಕು. ಅವಸರವಾದರೆ ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವುದೇ ಮೈಯೊಳಗೂ ಆಗುತ್ತದೆ: ಕರಗಿದ್ದ ಅನಿಲ ಗುಳ್ಳೆಯಾಗಿ ಏಳುತ್ತದೆ. ಕೀಲು ನೋವು, ಮೈ ಜೋಮು, ತಲೆಸುತ್ತು, ಕೆಲವೊಮ್ಮೆ ಪಾರ್ಶ್ವವಾಯು.

ತೋಟದ ಬಾವಿಯಲ್ಲಿ ಮುಳುಗಿ ಕೊಡ ಎತ್ತಿಕೊಡುತ್ತಿದ್ದವರಿಗೆ ಈ ಕಾಟ ಇರಲಿಲ್ಲ. ಅವರು ದಂಡೆಯ ಮೇಲೆ ಎಳೆದುಕೊಂಡ ಒಂದೇ ಉಸಿರಿನಲ್ಲಿ ಹೋಗಿ ಬರುತ್ತಿದ್ದರು, ಕೆಳಗೆ ಹೊಸ ಗಾಳಿ ಸಿಗುತ್ತಿರಲಿಲ್ಲ. ಈ ರೋಗ ದೊಡ್ಡದಾಗಿ ಕಂಡದ್ದು ಹತ್ತೊಂಬತ್ತನೇ ಶತಮಾನದಲ್ಲಿ, ನದಿಯ ತಳದಲ್ಲಿ ಒತ್ತಿದ ಗಾಳಿ ತುಂಬಿದ ಪೆಟ್ಟಿಗೆಯೊಳಗೆ ಕೂತು ಸೇತುವೆಗೆ ಪಾಯ ತೋಡಿದ ಕೂಲಿಗಳಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟಿಸಿದ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಇದಕ್ಕೆ ಸಿಕ್ಕಿ ಹಾಸಿಗೆ ಹಿಡಿದ. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ನೋಡಿ, ಎಷ್ಟು ಆಳದಿಂದ ಹೇಗೆ ಹಂತಹಂತವಾಗಿ ಏಳಬೇಕು ಎಂಬ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದರು. ಇಂದಿನ ಡೈವರ್ ಕೈಗೆ ಕಟ್ಟುವ ಪುಟ್ಟ ಕಂಪ್ಯೂಟರು ಆ ಕೋಷ್ಟಕದ ಮರಿಮಗ.

ನೀರಿನಿಂದ ತಲೆ ಎತ್ತಿದ ಕೂಡಲೇ ಈ ಲೆಕ್ಕ ಮುಗಿಯುವುದಿಲ್ಲ. ಉಳಿದ ಸಾರಜನಕ ಮುಂದೆ ಎಷ್ಟೋ ತಾಸು ಹೊರಹೋಗುತ್ತಲೇ ಇರುತ್ತದೆ. ಅಷ್ಟರಲ್ಲಿ ನೀವು ಇನ್ನೂ ಮೇಲೆ, ಒತ್ತಡ ಇನ್ನೂ ಕಡಿಮೆ ಇರುವ ಕಡೆ ಹೋದರೆ ಗುಳ್ಳೆ ಏಳುವ ಅಪಾಯ ಮತ್ತೆ ಬರುತ್ತದೆ. ಡೈವ್ ಮಾಡಿ ವಿಮಾನ ಹತ್ತಬೇಡಿ ಎನ್ನುವುದು ಇದಕ್ಕೇ. ಡೈವರುಗಳ ಆರೋಗ್ಯದ ಸಂಸ್ಥೆಯಾದ ಡ್ಯಾನ್ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ತಾಸು, ಒಂದಕ್ಕಿಂತ ಹೆಚ್ಚಾಗಿದ್ದರೆ ಕನಿಷ್ಠ 18 ತಾಸು ಕಾಯಲು ಹೇಳುತ್ತದೆ. ಈ ಸೂಚನೆ ಅನ್ವಯಿಸುವ ಎತ್ತರ 2,000 ಅಡಿಯಿಂದ ಶುರು, ಅಂದರೆ 610 ಮೀಟರ್.

ಗದಗ 650 ಮೀಟರ್. ಧಾರವಾಡ ಅದಕ್ಕಿಂತ ಮೇಲೆ. ಬೆಂಗಳೂರು 900 ದಾಟುತ್ತದೆ. ಗದಗಿನ ಗಾಳಿಯ ಒತ್ತಡ ಮುರುಡೇಶ್ವರಕ್ಕಿಂತ ನೂರಕ್ಕೆ ಏಳೆಂಟು ಪಾಲು ಕಡಿಮೆ. ಹಾಗಾಗಿ ಭಾನುವಾರ ಮುಂಜಾನೆ ಎರಡು ಡೈವ್ ಮುಗಿಸಿ, ಮೀನೂಟ ಉಂಡು, ಸಂಜೆ ಘಟ್ಟ ಹತ್ತಿ ಸೋಮವಾರದ ಡ್ಯೂಟಿಗೆ ಮನೆ ಮುಟ್ಟುತ್ತೇನೆ ಎನ್ನುವವರು, ತಮಗೆ ಗೊತ್ತಿಲ್ಲದೆಯೇ, ವಿಮಾನ ಹತ್ತಿದವರ ಸಾಲಿಗೆ ಸೇರುತ್ತಾರೆ. ಆರೇಳು ಮೀಟರಿನಲ್ಲಿ ಅರ್ಧ ತಾಸು ಆಡಿ ಬಂದ ಹೊಸಬರಿಗೆ ಅಪಾಯ ತೀರಾ ಕಡಿಮೆ, ಹೆದರಬೇಕಾಗಿಲ್ಲ. ಅಮೆರಿಕದ ನೌಕಾಪಡೆಯ ಕೋಷ್ಟಕಗಳೂ ಆಳ, ಹೊತ್ತು ನೋಡಿಯೇ ಕಾಯುವ ಅವಧಿಯನ್ನು ಹೆಚ್ಚುಕಡಿಮೆ ಮಾಡುತ್ತವೆ. ಆದರೂ ಎರಡು ಮೂರು ದಿನ ಸಾಲಾಗಿ ಆಳಕ್ಕೆ ಇಳಿದವರು ಆ ರಾತ್ರಿ ದಂಡೆಯಲ್ಲೇ ಮಲಗುವುದು ಒಳ್ಳೆಯದು.

ನೆಟ್ ಬೇಕಾಗುವುದು ಇಲ್ಲಿ. ಡೈವಿಗೂ ಡೈವಿಗೂ ನಡುವೆ ಮೀಟಿಂಗ್ ತುರುಕುವುದಕ್ಕಲ್ಲ, ಡೈವ್ ಎಲ್ಲ ಮುಗಿದ ಮೇಲೆ ಒಣಗಿಕೊಂಡು ಕೂರಲೇಬೇಕಾದ ಆ ಒಂದು ದಿನಕ್ಕೆ. ರಜೆ ಹಾಕಿದವನಿಗೆ ಅದು ದಂಡ ತೆತ್ತ ದಿನ ಅನ್ನಿಸಬಹುದು. ಲ್ಯಾಪ್‌ಟಾಪ್ ಇದ್ದವನಿಗೆ ಅದು ಸಂಬಳದ ದಿನ. ಶನಿವಾರ ಭಾನುವಾರ ಮುಳುಗಿ, ಸೋಮವಾರ ಮುರುಡೇಶ್ವರದ ಕೋಣೆಯಲ್ಲಿ ಕೂತು ಕೆಲಸ ಮುಗಿಸಿ, ಸಂಜೆ ಹೊರಟರೆ ಮೈಯ ಲೆಕ್ಕವೂ ಆಫೀಸಿನ ಲೆಕ್ಕವೂ ಸರಿಹೋಗುತ್ತದೆ. ನನ್ನ ಮಟ್ಟಿಗೆ ಜಾಗ ಆರಿಸುವ ಮೊದಲ ಸೂತ್ರ ಇದು: ಡೈವಿಂಗ್ ದಂಡೆಯ ಹತ್ತಿರ, ಘಟ್ಟದ ಕೆಳಗೆ, ಒಂದು ಪೂರ್ತಿ ದಿನ ಕೆಲಸ ಮಾಡಬಹುದಾದ ಕೋಣೆ ಇರಬೇಕು.

ಕೆಲಸ ಯಾವ ದೇಶದ ಗಡಿಯಾರಕ್ಕೆ ನಡೆಯುತ್ತದೆ ಎನ್ನುವುದೂ ಮುಖ್ಯ. ಚಳಿಗಾಲದಲ್ಲಿ ಲಂಡನ್ನಿನ 9 ಗಂಟೆ ನಮ್ಮ ಮಧ್ಯಾಹ್ನ ಎರಡೂವರೆ. ಮುಂಜಾನೆ ಹೋದ ದೋಣಿ ಹೊತ್ತಿಗೆ ಸರಿಯಾಗಿ ಮರಳಿದರೆ ಲಂಡನ್ ಗಡಿಯಾರಕ್ಕೆ ಕೆಲಸ ಮಾಡುವವರು ವಾರದ ದಿನವೂ ಡೈವ್ ಮಾಡಬಹುದು. ನ್ಯೂಯಾರ್ಕಿನ 9 ಗಂಟೆ ಅಂದರೆ ನಮ್ಮ ಸಂಜೆ ಏಳೂವರೆ. ನಸುಕಿನ ತನಕ ಕೆಲಸ ಮಾಡಿ, ಕಣ್ಣುರಿ ಇಟ್ಟುಕೊಂಡು ದೋಣಿ ಹತ್ತುವುದು ಬೇಡ. ನಿದ್ದೆಗೆಟ್ಟ, ನೀರು ಕುಡಿಯದ ಮೈ ಡೈವಿಂಗಿಗೆ ಸಲ್ಲದು, ಅದರ ಮೇಲೆ ಅಲೆಗೆ ವಾಂತಿ ಬೇರೆ. ಬೆಂಗಳೂರಿನ ಒಂಬತ್ತೂವರೆಗೆ ಲಾಗಿನ್ ಆಗಬೇಕಾದವರಿಗೆ ವಾರದ ಕೊನೆ ಒಂದೇ ಗತಿ.

ಮುರುಡೇಶ್ವರ 66ನೇ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿದೆ, ಕೊಂಕಣ ರೈಲಿನ ನಿಲ್ದಾಣವೂ ಇದೆ. ಕರೆಂಟಿನ ವಿಷಯದಲ್ಲಿ ಗದಗಿನವರಿಗೆ ಹೊಸದೇನೂ ಇಲ್ಲ, ಉತ್ತರ ಕನ್ನಡಕ್ಕೂ ಹೆಸ್ಕಾಂದೇ ಲೈನು. ಲಾಡ್ಜಿಗೆ ಫೋನ್ ಮಾಡಿ ವೈಫೈ ಇದೆಯೇ ಎಂದರೆ ಎಲ್ಲರೂ ಇದೆ ಎನ್ನುತ್ತಾರೆ. ಕೇಳಬೇಕಾದದ್ದು ಬೇರೆ. ಲೈನು ಫೈಬರಿನದೇ, ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ರೂಟರೂ ನಡೆಯುತ್ತದೆಯೇ ಅಥವಾ ಬರೀ ಫ್ಯಾನು ಲೈಟೇ, ಕೊಡುವ ಕೋಣೆಯಲ್ಲೇ ಸ್ಪೀಡ್ ಟೆಸ್ಟ್ ಮಾಡಿ ಫೋಟೋ ಕಳಿಸುತ್ತಾರೆಯೇ. ಫೋಟೋದಲ್ಲಿ ದೊಡ್ಡದಾಗಿ ಕಾಣುವ ಡೌನ್‌ಲೋಡ್ ಅಂಕಿಗೆ ಮರುಳಾಗಬೇಡಿ. ವಿಡಿಯೋ ಕಾಲಿನಲ್ಲಿ ನಿಮ್ಮ ಮುಖ ಹೋಗುವುದು ಅಪ್‌ಲೋಡಿನಲ್ಲಿ. ಸೆಕೆಂಡಿಗೆ ಮೂರು ನಾಲ್ಕು ಮೆಗಾಬಿಟ್ ತಡೆಯಿಲ್ಲದೆ ಸಿಕ್ಕರೆ ಸಾಕು. ಎರಡು ಬೇರೆ ಕಂಪನಿಯ ಸಿಮ್ ಜೊತೆಗಿರಲಿ. ಶಿವರಾತ್ರಿಯಂಥ ಜಾತ್ರೆಯ ದಿನಗಳಲ್ಲಿ ಅಷ್ಟು ಜನರ ಫೋನು ಒಂದೇ ಟವರಿಗೆ ಜೋತುಬೀಳುವುದರಿಂದ ಹಾಟ್‌ಸ್ಪಾಟ್ ನಂಬಿ ಹೋಗಬೇಡಿ.

ಗೋವಾ, ಮಾಲ್ವಣ ಕೂಡ ನಮಗೆ ದೂರವಲ್ಲ. ಗದಗಿನಿಂದ ವಾಸ್ಕೋಗೆ ನೇರ ರೈಲೇ ಇದೆ. ಮಾಲ್ವಣದ ಪಕ್ಕದ ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಸ್ಕೂಬಾ ತರಬೇತಿ ಸಂಸ್ಥೆ ಇದೆ. ತೋರಿಕೆಗೆ ಒಂದು ಸಲ ಮುಳುಗುವುದಲ್ಲ, ಸರಿಯಾಗಿ ಕಲಿಯಬೇಕು ಎನ್ನುವವರು ವಿಚಾರಿಸಬಹುದು. ಅಲ್ಲಿಂದ ಮರಳುವಾಗಲೂ ಘಟ್ಟ ತಪ್ಪುವುದಿಲ್ಲ.

ದ್ವೀಪಗಳ ಕಥೆ ಬೇರೆ. ಅಂಡಮಾನಿನಲ್ಲಿ ಡೈವಿಂಗ್ ಹೆಸರುವಾಸಿ, ನೆಟ್ ಮಾತ್ರ 2020ರ ತನಕ ಉಪಗ್ರಹದ ಮರ್ಜಿಯಲ್ಲಿತ್ತು. ಆ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲಿವೆ. ಪ್ರಶ್ನೆ ಮೇಲೆ ಹೋಗಿ ಕೆಳಗಿಳಿಯಬೇಕು, ಉತ್ತರವೂ ಹಾಗೆಯೇ. ಒಟ್ಟು 1,44,000 ಕಿಲೋಮೀಟರ್. ಬೆಳಕಿನ ವೇಗದಲ್ಲಿ ಹೋದರೂ ಅರ್ಧ ಸೆಕೆಂಡು ಹಿಡಿಯುತ್ತದೆ. ಕಾಲಿನಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗುವ ಮುಜುಗರದ ಮೂಲ ಇದು. ಎಷ್ಟು ದುಡ್ಡು ಸುರಿದು ಸ್ಪೀಡ್ ಹೆಚ್ಚಿಸಿದರೂ ಆ ದೂರ ಕಡಿಮೆಯಾಗದು.

2018ರ ಡಿಸೆಂಬರ್ 30ರಂದು ಹ್ಯಾವ್ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ ಎಂಬ ಹೊಸ ಹೆಸರು ಘೋಷಣೆಯಾದ ದಿನವೇ ಚೆನ್ನೈ–ಅಂಡಮಾನ್ ಕಡಲ ಕೇಬಲ್ಲಿಗೂ ಅಡಿಗಲ್ಲು ಬಿತ್ತು. 2020ರ ಆಗಸ್ಟ್ 10ರಂದು ಕೇಬಲ್ ಉದ್ಘಾಟನೆಯಾಯಿತು. ಎಲ್ಲ ಕವಲು ಸೇರಿ ಸುಮಾರು 2,300 ಕಿಲೋಮೀಟರ್ ಉದ್ದ, ಸುಮಾರು 1,224 ಕೋಟಿ ರೂಪಾಯಿ ಖರ್ಚು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಚೆನ್ನೈನಿಂದ ಪೋರ್ಟ್ ಬ್ಲೇರಿಗೆ, ಅಂದರೆ ಈಗಿನ ಶ್ರೀ ವಿಜಯಪುರಂಗೆ, ಹೋಗಿ ಬರಲು ಸೆಕೆಂಡಿನ ಎಪ್ಪತ್ತರಲ್ಲಿ ಒಂದು ಪಾಲು ಸಾಕು. ಡೈವಿಂಗಿನ ಕೇಂದ್ರವಾದ ಸ್ವರಾಜ್ ದ್ವೀಪಕ್ಕೂ ಕವಲು ಹೋಗಿದೆ. ಇಷ್ಟಾದರೂ ದ್ವೀಪದ ಕರೆಂಟು, ದಂಡೆಯಿಂದ ರೆಸಾರ್ಟಿನ ತನಕದ ಕೊನೆಯ ತುಂಡು ವೈರು, ಇವುಗಳ ಹೊಣೆಯನ್ನು ಕಡಲ ಕೇಬಲ್ ಹೊರುವುದಿಲ್ಲ. ಅದು ಕಡಿದುಹೋದರೆ ಹಡಗು ಬಂದು ತಳದಿಂದ ಎತ್ತಿ ಬೆಸೆಯಬೇಕು. ರಸ್ತೆ ಬದಿ ಜೆಸಿಬಿ ಕಿತ್ತ ವೈರಿನ ಹಾಗೆ ಸಂಜೆಯೊಳಗೆ ಸರಿಹೋಗುವ ಕೆಲಸವಲ್ಲ. ಗಡುವಿನ ಕೆಲಸ ಕೈಯಲ್ಲಿದ್ದಾಗ ದ್ವೀಪ ಬೇಡ ಎನ್ನುವುದು ಇದಕ್ಕಾಗಿ. ವಿಮಾನಕ್ಕೆ ಮುಂಚಿನ 18 ತಾಸಿನ ಬಿಡುವು ಇಲ್ಲಿ ತಪ್ಪಿಸಲಾಗದ್ದು, ಟಿಕೆಟ್ ಮಾಡುವಾಗಲೇ ಆ ದಿನ ಸೇರಿಸಿಕೊಳ್ಳಿ.

ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಕೇಬಲ್ ಬಂದದ್ದು 2024ರ ಜನವರಿ 3ರಂದು. ಕವರತ್ತಿ, ಅಗತ್ತಿ, ಕಡಮತ್, ಬಂಗಾರಂ ಸೇರಿ ಹನ್ನೊಂದು ದ್ವೀಪಗಳಿಗೆ ಅದು ಮುಟ್ಟುತ್ತದೆ. ಡೈವಿಂಗಿಗೆ ಹೆಸರಾದ ಕಡಮತ್ ನಮಗೆ ಪೂರಾ ಪರಕೀಯವೂ ಅಲ್ಲ: ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಅವುಗಳ ಕಚೇರಿ ಕಾಗದ ಮಂಗಳೂರಿನ ಕಲೆಕ್ಟರ ಮೇಜಿಗೆ ಬರುತ್ತಿತ್ತು. ಈಗ ಅಲ್ಲಿಗೆ ಹೋಗಲು ಪರವಾನಗಿ ಬೇಕು, ಹಡಗು ವಿಮಾನದ ಸೀಟು ಕಡಿಮೆ. ನಾಲ್ಕು ದಿನದ ಆಸೆಗೆ ಹೊಂದದ ಜಾಗ. ತಿಂಗಳ ಮುಂಚೆ ಯೋಚಿಸಿ, ವಾರಗಟ್ಟಲೆ ಇರುವವರಿಗೆ ಸರಿ.

ಎಲ್ಲಿಗೇ ಹೋಗಲಿ, ದೋಣಿ ಹತ್ತುವ ಮುಂಚೆ ಒಂದು ಆರೋಗ್ಯದ ಹಾಳೆ ತುಂಬಿಸಿಕೊಳ್ಳುತ್ತಾರೆ. ಉಬ್ಬಸ, ಫಿಟ್ಸ್, ಹೃದಯದ ತೊಂದರೆ ಇದ್ದರೆ ಮುಚ್ಚಿಡದೆ ಬರೆದು, ಊರಿನಲ್ಲೇ ಡಾಕ್ಟರ ಸಹಿ ಹಾಕಿಸಿಕೊಂಡು ಹೋಗಿ. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿಹೊಂದದೆ ಪರದೆಗೆ ಪೆಟ್ಟಾಗುತ್ತದೆ; ಮುಂಗಡ ಕೊಟ್ಟ ದುಡ್ಡು ಹೋದರೂ ಚಿಂತೆಯಿಲ್ಲ, ಆ ದಿನ ನೀರಿಗಿಳಿಯಬೇಡಿ, ಕೋಣೆಯಲ್ಲೇ ಕೂತು ಲಾಗಿನ್ ಆಗಿ. ಕಿವಿ ಬಿಡಿಸಿಕೊಳ್ಳುವ ಬಗೆ, ಈಜು ಬಾರದವರು ಎಷ್ಟರಮಟ್ಟಿಗೆ ಇಳಿಯಬಹುದು ಎಂಬುದು ಮುಂದಿನ ಅಧ್ಯಾಯದಲ್ಲಿ.