ಸ್ಪೋರ್ಟ್ಸ್ ಕಾರು ‘ಟೋಟಲ್ ಲಾಸ್’ ಆದರೆ ಕೈಗೆ ಬರುವುದೆಷ್ಟು?

ಸ್ಪೋರ್ಟ್ಸ್ ಕಾರು ನಜ್ಜುಗುಜ್ಜಾದರೆ ಇನ್ಶೂರೆನ್ಸ್ ಕಂಪನಿ ಎಷ್ಟು ಕೊಡುತ್ತದೆ ಎನ್ನುವುದು ತೀರ್ಮಾನವಾಗುವುದು ಪಾಲಿಸಿ ನವೀಕರಿಸಿದ ದಿನ. ಅಂದು ‘ಐಡಿವಿ’ (ಪಾಲಿಸಿಯಲ್ಲಿ ಘೋಷಿಸಿದ ಕಾರಿನ ವಿಮಾ ಮೌಲ್ಯ) ಎಂಬ ಅಂಕಿಯ ಮೇಲೆ ಕಣ್ಣಾಡಿಸಿ ಮುಂದೆ ಹೋಗುವವರೇ ಹೆಚ್ಚು. ಪ್ರೀಮಿಯಂ ನಾಲ್ಕು ಸಾವಿರ ಉಳಿಯಲಿ ಎಂದು ಅದನ್ನು ತಾವಾಗಿಯೇ ಇಳಿಸಿಕೊಳ್ಳುವವರೂ ಇದ್ದಾರೆ. ಅಪಘಾತವಾದ ಮೇಲೆ ಎಷ್ಟು ಓಡಾಡಿದರೂ ಆ ಅಂಕಿ ಒಂದು ರೂಪಾಯಿಯೂ ಮೇಲೇರುವುದಿಲ್ಲ.

ಐಡಿವಿಯ ಲೆಕ್ಕ ಶುರುವಾಗುವುದು ಎಕ್ಸ್ ಷೋರೂಂ ಬೆಲೆಯಿಂದ. ಕಾರಿಗೆ ಆರು ತಿಂಗಳೊಳಗೆ 5%, ವರ್ಷದೊಳಗೆ 15%, ಎರಡು ವರ್ಷದವರೆಗೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50% ಸವಕಳಿ ಕಳೆಯುವುದು ರೂಢಿಯಲ್ಲಿರುವ ಕೋಷ್ಟಕ. ಐದು ವರ್ಷ ದಾಟಿದರೆ ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಒಪ್ಪಿದ ಮೊತ್ತ. ರಸ್ತೆ ತೆರಿಗೆ, ನೋಂದಣಿ ಖರ್ಚು ಇದರಲ್ಲಿ ಸೇರುವುದಿಲ್ಲ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆಯೇ 18%, ಅದರ ಮೇಲೆ ಸೆಸ್. ಹಾಗಾಗಿ 80 ಲಕ್ಷದ ಕಾರು ರಸ್ತೆಗಿಳಿಯುವ ಹೊತ್ತಿಗೆ ಹೆಚ್ಚುಕಡಿಮೆ ಕೋಟಿ ಮುಟ್ಟಿರುತ್ತದೆ. ಎರಡು ವರ್ಷ ಕಳೆದು ಮೂರನೆಯದು ನಡೆಯುವಾಗ ಅದರ ಐಡಿವಿ 56 ಲಕ್ಷ.

ಸಾಮಾನ್ಯ ಕಾರಿಗೆ ಈ ಕೋಷ್ಟಕ ಒಂದು ಮಟ್ಟಿಗೆ ಹೊಂದುತ್ತದೆ. ಸ್ಪೋರ್ಟ್ಸ್ ಕಾರಿನ ಮಾರುಕಟ್ಟೆಯೇ ಬೇರೆ. 2016ರಲ್ಲಿ ಸುಮಾರು 65 ಲಕ್ಷಕ್ಕೆ ಇಲ್ಲಿಗೆ ಬಂದ ಫೋರ್ಡ್ ಮಸ್ಟಾಂಗ್‌ನಂಥ ಕಾರುಗಳು ಮಾರಾಟ ನಿಂತ ಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲೇ ಸಿಗಬೇಕು. ಅವುಗಳ ಬೆಲೆ ಕೋಷ್ಟಕ ಹೇಳಿದಂತೆ ಇಳಿಯಬೇಕೆಂದೇನೂ ಇಲ್ಲ. ಆದ್ದರಿಂದ ಐದು ವರ್ಷ ದಾಟಿದ ಕಾರಿದ್ದರೆ ನವೀಕರಣಕ್ಕೆ ಮುಂಚೆ ಅದೇ ಮಾದರಿಯ ಮಾರಾಟದ ಬೆಲೆಗಳನ್ನು ಎರಡು ಮೂರು ಕಡೆ ಬರಹದಲ್ಲಿ ಪಡೆದು ಐಡಿವಿ ಏರಿಸಲು ಕೇಳಬೇಕು. ಕಾರು ಹೊಸದಾಗಿದ್ದರೆ ‘ರಿಟರ್ನ್ ಟು ಇನ್ವಾಯ್ಸ್’ ಎಂಬ ಹೆಚ್ಚುವರಿ ರಕ್ಷಣೆಯನ್ನು ಪಾಲಿಸಿಗೆ ಸೇರಿಸಿಕೊಳ್ಳುವುದು ನನ್ನ ಮಟ್ಟಿಗೆ ಕಡ್ಡಾಯವೇ. ಐಡಿವಿಗೂ ಇನ್ವಾಯ್ಸ್ ಬೆಲೆಗೂ ನಡುವಿನ ಅಂತರವನ್ನು ಅದು ತುಂಬಿಕೊಡುತ್ತದೆ. ಹಲವು ಪಾಲಿಸಿಗಳಲ್ಲಿ ರಸ್ತೆ ತೆರಿಗೆಯನ್ನೂ. ಆದರೆ ಇದು ಸಿಗುವುದು ಮೊದಲ ಕೆಲವು ವರ್ಷ ಮಾತ್ರ.

ಇನ್ನು ಅಪಘಾತವಾಯಿತು ಎಂದುಕೊಳ್ಳಿ. ಕಾರನ್ನು ಎತ್ತಿ ತರುವ ಖರ್ಚು ಮತ್ತು ರಿಪೇರಿ ಖರ್ಚು ಸೇರಿ ಐಡಿವಿಯ 75% ದಾಟಿದರೆ ಅದು ರಿಪೇರಿಯ ಬದಲು ಐಡಿವಿಯನ್ನೇ ಕೊಡಬೇಕಾದ ‘ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್’. ನಮ್ಮ 56 ಲಕ್ಷದ ಕಾರಿಗೆ ಗೆರೆ ಬೀಳುವುದು 42 ಲಕ್ಷಕ್ಕೆ. ಎಲ್ಲ ಜಗಳವೂ ಈ ಗೆರೆಯ ಆಚೀಚೆ.

ಗ್ಯಾರೇಜಿಗೆ ನಷ್ಟದ ಅಂದಾಜು ಮಾಡುವ ಸರ್ವೇಯರ್ ಬಂದಾಗ ಮಾಲೀಕರು ಪಕ್ಕದಲ್ಲೇ ಇರುವುದು ಒಳ್ಳೆಯದು. ಹೊರಗಿನ ಬಂಪರ್, ಬಾನೆಟ್ಟು, ಹೆಡ್‌ಲ್ಯಾಂಪು ಎಲ್ಲರ ಕಣ್ಣಿಗೂ ಬೀಳುತ್ತವೆ. ಎಸ್ಟಿಮೇಟ್ ಏರಿಸುವುದು ಒಳಗಿನ ಸಾಮಾನು: ಬಿಚ್ಚಿಕೊಂಡ ಏರ್‌ಬ್ಯಾಗುಗಳು, ಅವುಗಳ ಜೊತೆ ಹರಿದ ಡ್ಯಾಶ್‌ಬೋರ್ಡ್, ಸೀಟ್ ಬೆಲ್ಟಿನ ಟೆನ್ಷನರ್, ಬಾಗಿದ ಸಬ್‌ಫ್ರೇಮ್, ಬಾಗಿಲಿನ ಪಕ್ಕದ ಪಿಲ್ಲರ್‌ನಲ್ಲಿ ಬಿಟ್ಟುಕೊಂಡ ಸಂದು. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್ ಚೌಕಟ್ಟಾದರೆ ತಟ್ಟಿ ನೇರ ಮಾಡುವ ಮಾತಿಲ್ಲ, ಭಾಗವನ್ನೇ ಬದಲಿಸಬೇಕು. ಮೊದಲ ಎಸ್ಟಿಮೇಟ್ 38 ಲಕ್ಷಕ್ಕೆ ನಿಂತಿದ್ದರೆ ರಿಪೇರಿಗೆ ಒಪ್ಪಿಗೆ ಕೊಡಬೇಡಿ. ಪೂರ್ತಿ ಬಿಚ್ಚಿ ನೋಡಿದ ಮೇಲೆ ಬರುವ ಪೂರಕ ಎಸ್ಟಿಮೇಟ್‌ಗೆ ಕಾಯುತ್ತೇನೆಂದು ಇಮೇಲ್ ಬರೆಯಿರಿ. ಕೆಲಸ ಶುರುವಾಗಿ ಅರ್ಧಕ್ಕೆ ಬಂದ ಮೇಲೆ ಟೋಟಲ್ ಲಾಸ್ ಕೇಳುವುದು ಬಲು ಕಷ್ಟ.

ಇಲ್ಲೊಂದು ಸೂಕ್ಷ್ಮವಿದೆ. 75%ರ ಲೆಕ್ಕ ‘ಪಾಲಿಸಿಯ ಷರತ್ತಿಗೆ ಒಳಪಟ್ಟು’ ನಡೆಯುತ್ತದೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ, ಏರ್‌ಬ್ಯಾಗಿಗೆ 50% ಸವಕಳಿ, ಫೈಬರ್ ಗ್ಲಾಸಿಗೆ 30% ಹಿಡಿಯುವುದರಿಂದ ಗ್ಯಾರೇಜಿನ 45 ಲಕ್ಷ ಸರ್ವೇಯರ್‌ ಕೈಯಲ್ಲಿ 35ಕ್ಕೆ ಇಳಿದು ಗೆರೆಯ ಒಳಗೇ ಉಳಿಯಬಹುದು. ಸವಕಳಿ ಹಿಡಿಯದ ‘ಜೀರೋ ಡೆಪ್’ ರಕ್ಷಣೆ ಇದ್ದರೆ ಈ ಕಡಿತ ಬಹುಮಟ್ಟಿಗೆ ಬೀಳುವುದಿಲ್ಲ. ಟೋಟಲ್ ಲಾಸ್ ಎಂದು ಒಮ್ಮೆ ತೀರ್ಮಾನವಾದ ಮೇಲೆ ಮಾತ್ರ ಸವಕಳಿಯ ಪ್ರಶ್ನೆಯೇ ಏಳಕೂಡದು. ಪಾಲಿಸಿ ಅವಧಿಯುದ್ದಕ್ಕೂ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಎಂದು ಪರಿಗಣಿಸಬೇಕು. ‘ಈಗ ಈ ಕಾರಿಗೆ ಅಷ್ಟು ಬೆಲೆ ಇಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಗ್ಯಾರೇಜಿನ ಖರ್ಚುಗಳನ್ನೂ ಮೊದಲೇ ಕೇಳಿಕೊಳ್ಳಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನಲ್ಲಿ ಕಾರುಗಳು ಮುಳುಗಿದಾಗ ಸುಮಾರು 11 ಲಕ್ಷದ ಒಂದು ಕಾರಿಗೆ 22 ಲಕ್ಷದ ಎಸ್ಟಿಮೇಟ್ ಬಂದು, ದಾಖಲೆ ಕೊಡುವುದಕ್ಕೇ 44,840 ರೂಪಾಯಿ ಕೇಳಿದ್ದು ಸುದ್ದಿಯಾಗಿತ್ತು. ದಿನಗಟ್ಟಲೆ ನಿಂತ ಕಾರಿಗೆ ಪಾರ್ಕಿಂಗ್ ಶುಲ್ಕವೂ ಬೆಳೆಯುತ್ತದೆ. ನೆಲಕ್ಕೆ ತಾಗುವಷ್ಟು ತಗ್ಗಿನ ಕಾರನ್ನು ಫ್ಲಾಟ್‌ಬೆಡ್ ಮೇಲೇ ತರಬೇಕು. ಸ್ಟ್ಯಾಂಡರ್ಡ್ ಪಾಲಿಸಿ ಟೋಯಿಂಗ್‌ಗೆ ಕೊಡುವುದು 1,500 ರೂಪಾಯಿಯಷ್ಟೇ.

ಹಣ ಹಂಚಿಕೆಯಾಗುವ ಬಗೆ ಹೀಗೆ. 1,500 ಸಿಸಿ ಮೀರಿದ ಕಾರಿಗೆ 2,000 ರೂಪಾಯಿ ಕಡ್ಡಾಯ ಕಡಿತ. ಸಾಲವಿದ್ದರೆ ಬ್ಯಾಂಕಿನ ಪಾಲು ಮೊದಲು. 50 ಲಕ್ಷ ಬಾಕಿಯಿದ್ದರೆ 56ರಲ್ಲಿ ನಿಮಗೆ ಉಳಿಯುವುದು 5.98 ಲಕ್ಷ, ಬಾಕಿ 60 ಇದ್ದರೆ ಇಲ್ಲದ ಕಾರಿಗೆ ನೀವೇ 4.02 ಲಕ್ಷ ಕಟ್ಟಬೇಕು. ಕ್ಲೇಮ್ ಮುಗಿಯುವವರೆಗೆ ಇಎಂಐ ನಿಲ್ಲಿಸಬಾರದು.

ಉಳಿದ ಗುಜರಿಗೂ ಬೆಲೆ ಇದೆ, ಸ್ಪೋರ್ಟ್ಸ್ ಕಾರಿನ ಬಿಡಿಭಾಗಗಳಿಗಂತೂ ಒಳ್ಳೆಯ ಬೆಲೆ. ಕಂಪನಿ ಅದನ್ನು ತಾನೇ ಇಟ್ಟುಕೊಂಡು ಪೂರ್ತಿ ಐಡಿವಿ ಕೊಡಬಹುದು, ಇಲ್ಲವೇ ಗುಜರಿಯ ಬೆಲೆ ಕಳೆದು ಉಳಿದದ್ದನ್ನು ಕೊಟ್ಟು ಕಾರನ್ನು ನಿಮಗೇ ಬಿಡಬಹುದು. ಎರಡನೆಯದಾದರೆ ಕೊಳ್ಳುವವನ ದರ ಬರಹದಲ್ಲಿರಲಿ. ಕಂಪನಿ 12 ಲಕ್ಷ ಕಳೆದು, ಕೊಳ್ಳುವವನು ಆಮೇಲೆ 9ಕ್ಕೆ ಇಳಿದರೆ ನಷ್ಟ ನಿಮ್ಮದು. ನೋಂದಣಿ ಪತ್ರದ ಸಮೇತ ಮಾರುವ ‘ವಿತ್ ಆರ್‌ಸಿ’ ದರ ‘ವಿದೌಟ್ ಆರ್‌ಸಿ’ಗಿಂತ ಹೆಚ್ಚಿರುತ್ತದೆ. ಆ ಆಸೆಗೆ ಬಿದ್ದು ವರ್ಗಾವಣೆಯಾಗದ ಆರ್‌ಸಿಯನ್ನು ಕೊಟ್ಟು ಕಳಿಸುವುದು ನಿಜಕ್ಕೂ ಅಪಾಯ. ಕದ್ದ ಕಾರಿಗೆ ಸತ್ತ ಕಾರಿನ ಚಾಸಿ ನಂಬರ್ ಹಾಕಿ ಓಡಿಸುವ ದಂಧೆ ಇರುವುದರಿಂದ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೇ. ಕಾರು ಮತ್ತೆ ಬಳಸಲಾಗದಂತಾಗಿದ್ದರೆ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ನೋಂದಣಿ ರದ್ದಾದ ಮೇಲೆ ಆಜೀವ ತೆರಿಗೆಯಲ್ಲಿ ಎಷ್ಟು ವಾಪಸ್ ಬರುತ್ತದೆಂದು ಅಲ್ಲೇ ಕೇಳಿ.

ಕ್ಲೇಮ್ ಕೆಡುವ ದಾರಿಗಳಲ್ಲಿ ಸ್ಪೋರ್ಟ್ಸ್ ಕಾರಿಗೇ ಅಂಟಿಕೊಂಡವು ಎರಡು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕಿನಲ್ಲಿ ರೇಸು, ವೇಗ ಪರೀಕ್ಷೆಯ ವೇಳೆ ಆದ ಅಪಘಾತಕ್ಕೆ ಸಾಮಾನ್ಯ ಪಾಲಿಸಿ ಅನ್ವಯಿಸದು. ಇಸಿಯು (ಎಂಜಿನ್ ಕಂಪ್ಯೂಟರ್) ರೀಮ್ಯಾಪ್, ಹೊಸ ಎಕ್ಸಾಸ್ಟ್, ದುಬಾರಿ ವೀಲುಗಳನ್ನು ಕಂಪನಿಗೆ ತಿಳಿಸದೆ ಹಾಕಿಸಿದ್ದರೆ ತಕರಾರು ಬಂದೇ ಬರುತ್ತದೆ.

ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) 2024ರ ಸುತ್ತೋಲೆಯ ಪ್ರಕಾರ ಸರ್ವೇಯರ್ 15 ದಿನದಲ್ಲಿ ವರದಿ ಕೊಡಬೇಕು, ಅದು ಬಂದ 7 ದಿನದಲ್ಲಿ ಕಂಪನಿ ತೀರ್ಮಾನಿಸಬೇಕು. ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಮೊತ್ತ ಒಪ್ಪಿಗೆಯಿಲ್ಲದಿದ್ದರೆ ‘ಪೂರ್ಣ ಮತ್ತು ಅಂತಿಮ’ ಎಂದಿರುವ ವೋಚರ್‌ಗೆ ಸುಮ್ಮನೆ ಸಹಿ ಹಾಕದೆ ಆಕ್ಷೇಪವನ್ನು ಮೊದಲೇ ಬರೆದು ಕಳಿಸಿ. ಒತ್ತಡ, ಮೋಸದಿಂದ ಪಡೆದ ಸಹಿ ಗ್ರಾಹಕನ ದೂರಿಗೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆದರೆ ಒತ್ತಡವಿತ್ತೆಂದು ತೋರಿಸಬೇಕಾದವರು ನೀವು. ಕಂಪನಿಯ ದೂರು ವಿಭಾಗ 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, ಕರ್ನಾಟಕದವರಿಗೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. 50 ಲಕ್ಷದವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅಲ್ಲಿನ ತೀರ್ಪಿಗೆ ಕಂಪನಿ ಬದ್ಧ. ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ಬಾಗಿಲು ಆಗಲೂ ತೆರೆದಿರುತ್ತದೆ.